ಕುಬುಸಕ್ಕೆ ಹೋದ ಖೀರು

ನೌಬಾದದ ಮನೆಯ ಮುಂದೆ ಜೀಪು ನಿಂತಿತ್ತು. ಔರಾದದ ಗಂಡನ ಮನೆಯಲ್ಲಿ ಮಗಳು ಈಶ್ವರಿಯ ಕುಬುಸ, ಅಂದರೆ ಸೀಮಂತ. ಲಲಿತಾಬಾಯಿ ಹಿಂದಿನ ಸಂಜೆಯೇ ದೊಡ್ಡ ಪಾತೇಲಿ ತುಂಬ ಶಾವಿಗೆ ಖೀರು ಮಾಡಿ, ಬಿಸಿ ಇರುವಾಗಲೇ ಮುಚ್ಚಿ ಒಲೆಕಟ್ಟೆಯ ಮೇಲಿಟ್ಟಿದ್ದರು. ಅವರ ಖೀರೆಂದರೆ ಬಂಧುಬಳಗದಲ್ಲೆಲ್ಲ ಹೆಸರು.

ಹೊರಡುವ ಹೊತ್ತಿಗೆ ಮಗ ಅಮಿತಕುಮಾರ ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡಿದ. ವಾಂತಿ ನಿಲ್ಲಲೇ ಇಲ್ಲ.

"ನೀವು ಮುಂದ ನಡೀರಿ, ಹೊತ್ತಾಗ್ತದ. ನಾ ಇವಂಗ ದವಾಖಾನಿಗಿ ತೋರಿಸಿ ಬರ್ತೇನಿ," ಎಂದು ಲಲಿತಾಬಾಯಿ ಗಂಡ ಮನ್ಮಥಪ್ಪನನ್ನು ಕಳಿಸಿದರು. ಖೀರೂ ಜೀಪಿನಲ್ಲಿ ಹೋಯಿತು.

ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದ ಮೇಲೆ ಡಾಕ್ಟರಮ್ಮ ಕೇಳಿದರು: "ಏನ್ ತಿಂದಾರ್ರಿ ಇವರು?"

"ಹೊರಗ ಏನರೆ ತಿಂದಿರ್ತಾನ್ರಿ, ಈಗಿನ ಹುಡುಗ್ರು..."

"ಇಲ್ಲವ್ವ," ಮಗ ಕಣ್ಣು ಮುಚ್ಚಿಕೊಂಡೇ ಅಂದ. "ಮುಂಜಾನಿ ಎದ್ದು ಎರಡು ಬಟ್ಟಲ ಖೀರು ತಿಂದೆ. ಮತ್ತೇನೂ ಇಲ್ಲ."

ಲಲಿತಾಬಾಯಿಗೆ ಸಿಟ್ಟೇ ಬಂತು. "ಹಾಲು ಚಂದಂಗ ಕುದಿಸೇನ್ರಿ. ವಾಸನಿ ಸುದಾ ಬಂದಿದ್ದಿಲ್ಲ."

"ವಾಸನಿ ಬರದಿದ್ರೂ ಕೆಡ್ತದ್ರಿ. ಕುದಿಸಿದ ಮ್ಯಾಲ ಎಲ್ಲಿಟ್ಟಿದ್ರಿ?"

"ಕಟ್ಟಿ ಮ್ಯಾಲ. ಫ್ರಿಜ್ಜಿನಾಗ ಅಷ್ಟು ದೊಡ್ಡ ಪಾತೇಲಿ ಹಿಡಿಸಂಗಿಲ್ರಿ."

"ಸಣ್ಣ ಪಾತ್ರಿಗಿ ತೆಗೆದು ಆರಿಸಿ, ಎರಡು ತಾಸಿನೊಳಗ ಫ್ರಿಜ್ಜಿನಾಗ ಇಡಬೇಕಿತ್ತು. ರಾತ್ರಿಯೆಲ್ಲ ಹೊರಗಿದ್ರ ಅದರಾಗ ವಿಷ ಹುಟ್ತದ, ಮತ್ತ ಕುದಿಸಿದ್ರೂ ಹೋಗಂಗಿಲ್ಲ. ಮತ್ತ್ಯಾರು ತಿಂದಾರ?"

ಲಲಿತಾಬಾಯಿಗೆ ಜೀಪಿನಲ್ಲಿ ಹೋದ ಪಾತೇಲಿ ನೆನಪಾಯಿತು. ಕುಬುಸದಲ್ಲಿ ಮೊದಲ ಬಟ್ಟಲು ಬಸುರಿಗೇ ಕೊಡುವುದು. ಈಶ್ವರಿಗೆ ಏಳು ತಿಂಗಳು.

ಗಂಡನಿಗೆ ಫೋನು ಹಚ್ಚಿದರು. ಎತ್ತಲಿಲ್ಲ. ಮತ್ತೆ ಹಚ್ಚಿದರು. ಈಶ್ವರಿಯ ಫೋನು ಬಂದ್ ಆಗಿತ್ತು. ಉಳಿದದ್ದು ಮಗಳ ಅತ್ತೆ ಬಸವೇಶ್ವರಿಯ ನಂಬರು. ಆಕೆಯ ನಾಲಿಗೆ ಕುಡುಗೋಲು. ಈ ಮಾತು ಹೇಳಿದರೆ ಮಗಳು ಜೀವನವಿಡೀ ಮೂದಲಿಕೆ ಕೇಳಬೇಕಾದೀತು. ಲಲಿತಾಬಾಯಿಯ ಬೆರಳು ಒಂದು ಗಳಿಗೆ ತಡೆಯಿತು. ಆಮೇಲೆ ಒತ್ತಿತು.

"ಎಲ್ಲಿದ್ದೀರಿ ಅಕ್ಕಾರ? ಉಡಿ ತುಂಬಿದ್ದು ಮುಗೀತು, ಈಗ ನಿಮ್ಮ ಖೀರು ಕೊಡ್ಲಿಕತ್ತೇವಿ," ಬಸವೇಶ್ವರಿಯ ದನಿಯ ಹಿಂದೆ ಹೆಂಗಸರ ಸೋಬಾನೆ ಕೇಳುತ್ತಿತ್ತು.

"ಕೊಡಬ್ಯಾಡ್ರಿ! ಅದು ಕೆಟ್ಟದ. ಅದನ್ನ ತಿಂದೇ ನನ್ನ ಮಗ ದವಾಖಾನ್ಯಾಗ ಬಿದ್ದಾನ."

"ಅಯ್ಯ! ಇನ್ನೊಮ್ಮಿ ಕುದಿಸ್ಲೇನ್ರಿ?"

"ಕುದಿಸಿದ್ರೂ ಆ ವಿಷ ಹೋಗಂಗಿಲ್ಲ ಅಂತಾರ ಡಾಕ್ಟರು." ಡಾಕ್ಟರಮ್ಮ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದರು.

"ನೂರು ಮಂದಿ ಕುಂತಾರ. ಅವರಿಗಿ ಏನಂತ ಹೇಳ್ಲಿ?"

"ನನ್ನ ಹೆಸರೇ ಹೇಳ್ರಿ. ಲಲಿತಾಬಾಯಿ ರಾತ್ರಿಯೆಲ್ಲ ಹೊರಗಿಟ್ಟಿದ್ಲು, ತಪ್ಪು ಆಕಿದು ಅನ್ರಿ."

ಸೋಬಾನೆ ನಡೆದೇ ಇತ್ತು. ಅದನ್ನೂ ಮೀರಿ ಬಸವೇಶ್ವರಿಯ ದನಿ ಎದ್ದಿತು:

"ಈಶ್ವರೀ, ಬಾಯಿಗಿ ಇಡಬ್ಯಾಡ! ಬಟ್ಟಲ ಕೆಳಗಿಡು!"

ಹಾಡು ನಿಂತಿತು. ಆ ಮೌನದಲ್ಲಿ ಬಟ್ಟಲು ನೆಲಕ್ಕೆ ತಾಗಿದ ಸಪ್ಪಳ ನಲವತ್ತು ಕಿಲೋಮೀಟರ್ ಆಚೆಯಿಂದ ಸ್ಪಷ್ಟವಾಗಿ ಕೇಳಿಸಿತು.