ದಡ ಕಾಣುವಷ್ಟು ದೂರ

ಹಡಗಿನಿಂದ ಇಳಿಯುವವನು ತನ್ನ ಚಿಲ್ಲರೆ ಸಾಮಾನನ್ನು ಉಳಿದವರಿಗೆ ಹಂಚಿ ಇಳಿಯಬೇಕು. ಹಡಗಿನವರ ಪದ್ಧತಿ ಅದು. ಎಂಜಿನ್ ಕೋಣೆಯ ಫಿಟ್ಟರ್ ಬೆಳಿಗ್ಗೆಯೇ ಹಂಚಿ ಕೂತಿದ್ದ. ಬಕೆಟ್ಟು ಎಣ್ಣೆ ಹಾಕುವವನಿಗೆ, ದಿಂಬು ಪೇಂಟಿನವನಿಗೆ, ರಬ್ಬರ್ ಚಪ್ಪಲಿ ಅಡುಗೆಯವನಿಗೆ. ಒಂಬತ್ತು ತಿಂಗಳಿಗೆಂದು ಹತ್ತಿದವನು ಹದಿನಾಲ್ಕಾದರೂ ಇಳಿದಿರಲಿಲ್ಲ. ಹತ್ತಿದ ಮೇಲೆ ಹುಟ್ಟಿದ ಮಗಳಿಗೆ ಈಗ ಹತ್ತು ತಿಂಗಳು. ಪುಣ್ಯಾತ್ಮ ಅವಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ಇವತ್ತು ಹೆಂಡತಿ ಮಗುವನ್ನು ಕರೆದುಕೊಂಡು ಬಂದರಿನ ಗೋಡೆಯ ಹತ್ತಿರ ಕಾಯುತ್ತಿದ್ದಳು. ಹಡಗು ಲಂಗರು ಹಾಕಿದ್ದು ದಡ ಕಾಣುವಷ್ಟು ದೂರದಲ್ಲೇ.

ಹತ್ತು ಗಂಟೆಗೆ ಕ್ಯಾಪ್ಟನ್ ಎಲ್ಲರನ್ನೂ ಊಟದ ಕೋಣೆಗೆ ಕರೆದ.

"ಇಲ್ಲಿ ಸರಕು ಇಳಿಸೋ ಹಾಗಿಲ್ಲ. ನಿನ್ನೆ ಸುಂಕ ಡಬಲ್ ಮಾಡಿದ್ದಾರೆ. ತರಿಸಿದವನೇ ಬೇಡ ಅಂತಿದ್ದಾನೆ. ಬೇರೆ ಬಂದರಿಗೆ ಹೋಗಬೇಕು, ಇಪ್ಪತ್ತೆರಡು ದಿನ."

"ನಾನೊಬ್ಬ ದೋಣೀಲಿ ಇಳಿದುಬಿಡ್ತೀನಿ ಸಾರ್," ಎಂದ ಫಿಟ್ಟರ್. "ನಮ್ಮೋರು ಬಂದು ನಿಂತಿದ್ದಾರೆ."

"ನಿನ್ನ ಜಾಗಕ್ಕೆ ಬರಬೇಕಾದೋನು ಈ ಸರಕು ಕಳಿಸಿದ ದೇಶದೋನು ಕಣಯ್ಯಾ. ಅವನಿಗೆ ಇಲ್ಲಿ ಹಡಗು ಹತ್ತೋಕೆ ಪರವಾನಗಿ ಕೊಡ್ತಿಲ್ಲ. ನೀನೂ ಇಲ್ಲದೆ ಎಂಜಿನ್ ನೋಡೋರು ಯಾರು?"

ಎರಡು ದೊಡ್ಡ ದೇಶಗಳು ನೀನಾ ನಾನಾ ಎಂದು ಜಿದ್ದಿಗೆ ಬಿದ್ದು ಸುಂಕ ಏರಿಸುತ್ತಿದ್ದವು. ಅವರಿಗೇನ್ರಿ, ಸಂಜೆಗೆ ಮನೆಗೆ ಹೋಗಿ ಮಕ್ಕಳ ಜೊತೆ ಕೂತು ಉಣ್ಣುತ್ತಾರೆ! ಫಿಟ್ಟರ್‌ಗೆ ಸಿಟ್ಟು ಮಾಡುವಷ್ಟೂ ತ್ರಾಣವಿರಲಿಲ್ಲ. ಹಿಂದಿನ ಎರಡು ಬಂದರುಗಳಲ್ಲೂ ಹೀಗೇ ಆಗಿತ್ತು. ಅವನು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಬಾಯಿ ಬಿಡುವ ಮೊದಲೇ ಅಡುಗೆಯವನು ಚಪ್ಪಲಿ ಬಿಚ್ಚಿ ಮುಂದೆ ತಳ್ಳಿದ.

"ತಗೋ. ನೀನು ಮೂರು ಸಲ ಕೊಟ್ಟೆ, ಮೂರು ಸಲ ಈಸ್ಕೊಂಡೆ. ಇನ್ನೊಂದು ಸಲ ಕೊಡೋಕೆ ಬಂದರೆ ನೋಡು, ಸಮುದ್ರಕ್ಕೆ ಎಸೀತೀನಿ."

ನಗಬೇಕೆಂದು ಇಬ್ಬರಿಗೂ ಅನ್ನಿಸಿತು. ನಗು ಬರಲಿಲ್ಲ.

ಲಂಗರು ಎತ್ತಿ ಆದ ಮೇಲೆ ಹೆಂಡತಿಯ ಫೋನು ಬಂತು. ಅವಳಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ರೀ, ಎಷ್ಟೊತ್ತಿಗೆ ಇಳೀತೀರಿ? ಇವಳು ಟಾಟಾ ಮಾಡೋದು ಕಲಿತಿದ್ದಾಳೆ. ಇಲ್ಲಿಂದ ಎರಡು ಹಡಗು ಕಾಣ್ತಿವೆ. ನಿಮ್ಮದು ಆ ನೀಲೀದು ತಾನೆ? ಕೆಂಪು ಹಡಗು ಹೊರಟೇ ಹೋಗ್ತಿದೆಯಲ್ಲ."

ಅವನ ಕಾಲಡಿಯ ಕೆಂಪು ಹಡಗು ಮೆಲ್ಲಗೆ ಮೂತಿ ತಿರುಗಿಸುತ್ತಿತ್ತು. ಹೇಳಿಬಿಡಬೇಕು ಎಂದುಕೊಂಡ.

"ರೀ, ಕೇಳಿಸ್ತಾ?"

"ಹೂಂ. ನೀಲೀದೇ."

"ನೋಡು ಕಂದ, ಅಪ್ಪ ಅಲ್ಲಿದ್ದಾರೆ! ಟಾಟಾ ಮಾಡು, ಟಾಟಾ!"

ಮಗು ಕಿಲಕಿಲ ನಕ್ಕದ್ದು ಕೇಳಿಸಿತು. ಫಿಟ್ಟರ್ ಕೆಂಪು ಹಡಗಿನ ಕಂಬಿ ಹಿಡಿದು ನಿಂತು, ಫೋನಿನ ಸಿಗ್ನಲ್ ಹೋಗುವವರೆಗೂ ಕೈ ಬೀಸುತ್ತಲೇ ಇದ್ದ.