ಕನ್ನಡಿ ಹಿಡಿದವಳು

ಯಾವ ಊರಿಗೆ ಹೋದರೂ ಸೊಸೆ ಮೊದಲು ಹುಡುಕುತ್ತಿದ್ದದ್ದು ಗೂಡನ್ನು. ಕಂಪನಿಯ ಉಳಿದವರು ಇಳಿದುಕೊಳ್ಳುವ ಕೋಣೆಗೆ ಬಿಸಿನೀರು ಬರುತ್ತದೋ ಇಲ್ಲವೋ ಎಂದು ವಿಚಾರಿಸುತ್ತಿದ್ದರೆ, ಅವಳು ಹೆಗಲ ಚೀಲವನ್ನೂ ಇಳಿಸದೆ ರಂಗಕ್ಕೆ ಹೋಗುತ್ತಿದ್ದಳು. ರಂಗದ ಅಂಚಿನಲ್ಲಿ, ನಟ್ಟನಡುವೆ, ನೆಲ ಕೊರೆದು ಮಾಡಿದ ಆ ಕಿಂಡಿಯನ್ನು ಕಣ್ಣಾರೆ ಕಂಡ ಮೇಲೆಯೇ ಅವಳಿಗೆ ಗಂಟಲಲ್ಲಿ ನೀರು ಇಳಿಯುತ್ತಿದ್ದದ್ದು.

ಅವಳು ಒಪೆರಾ ಕಂಪನಿಯ ಪ್ರಾಂಪ್ಟರ್. ಒಪೆರಾ ಎಂದರೆ ಮಾತೆಲ್ಲ ಹಾಡಾಗಿರುವ ನಾಟಕ. ಕಂಪನಿಯೋ ಇವತ್ತು ಒಂದು ಕಥೆ, ನಾಳೆ ಇನ್ನೊಂದು ಕಥೆ ಆಡುವಂಥದ್ದು. ಯಾರ ತಲೆಯಲ್ಲಿ ಯಾವ ಸಾಲು ಯಾವುದಕ್ಕೆ ತೊಡರಿಕೊಳ್ಳುತ್ತದೋ ಹೇಳಲಾಗದು. ಅದಕ್ಕೇ ಪ್ರಾಂಪ್ಟರ್ ಗೂಡಿನಲ್ಲಿ ಕುತ್ತಿಗೆಯವರೆಗೆ ಹುದುಗಿ ಕೂತು, ಪ್ರತಿ ಸಾಲಿನ ಮೊದಲ ಪದವನ್ನು ಹಾಡುವವರಿಗೆ ಒಂದು ಉಸಿರು ಮುಂಚೆ ಎತ್ತಿಕೊಡುತ್ತಾಳೆ. ಪ್ರೇಕ್ಷಕರಿಗೆ ಕಾಣುವುದು ಗೂಡಿನ ಮರದ ಮುಸುಕು ಮಾತ್ರ. ನಾಲ್ಕು ಜನರ ಕಣ್ಣಿಗೆ ಬಿದ್ದರೆ ಕೈಕಾಲು ತಣ್ಣಗಾಗುವ ಸೊಸೆಗೆ ಇದಕ್ಕಿಂತ ಒಳ್ಳೆಯ ಕೆಲಸ ಲೋಕದಲ್ಲಿರಲಿಲ್ಲ.

ಈ ಊರಿನ ರಂಗಮಂದಿರದಲ್ಲಿ ಗೂಡೇ ಇರಲಿಲ್ಲ.

“ಹೊಸ ಹಲಗೆ ಹಾಕಿಸಿದಾಗ ಮುಚ್ಚಿಬಿಟ್ರು,” ಎಂದ ಕಾವಲುಗಾರ. “ಕುಣಿಯೋರು ಕಾಲು ಸಿಕ್ಕಿಸ್ಕೋತಾರೆ ಅಂತ. ನೀವು ಪಕ್ಕದ ಪರದೆ ಹಿಂದೆ ನಿಂತು ಹೇಳಿಕೊಡಿ. ಎಲ್ಲರೂ ಹಾಗೇ ಮಾಡ್ತಾರೆ.”

“ಎಲ್ಲರೂ ಅಂದ್ರೆ ಯಾರು?”

“ನಿಮಗಿಂತ ಮುಂಚೆ ಬಂದೋರು.”

“ಅವರಲ್ಲಿ ಯಾರಿಗಾದ್ರೂ ಹಾಡು ತಪ್ಪಿತಾ?”

ಕಾವಲುಗಾರ ಅವಳ ಮುಖವನ್ನೊಮ್ಮೆ ನೋಡಿ, ಬೀಗದ ಕೈ ಗೊಂಚಲು ಆಡಿಸುತ್ತ ಹೊರಟುಹೋದ.

ಅವಳ ಅತ್ತೆ ಕಂಪನಿಯ ಹಿರಿಯ ಗಾಯಕಿ, ರಾಣಿಯ ಪಾತ್ರದವರು. ಮನೆಯಲ್ಲಿ ಅತ್ತೆ ಹೇಳಿದ್ದನ್ನು ಸೊಸೆ ಕೇಳುವುದು, ರಂಗದ ಮೇಲೆ ಸೊಸೆ ಹೇಳಿದ್ದನ್ನು ಅತ್ತೆ ಕೇಳುವುದು ಎನ್ನುವುದು ಕಂಪನಿಯಲ್ಲಿ ಹಳಸಿಹೋದ ತಮಾಷೆ. ಗಂಡ ವಾದ್ಯಮೇಳದಲ್ಲಿ ದೊಡ್ಡ ನಗಾರಿ ಬಾರಿಸುವವನು. ಮನೆಯಲ್ಲಿ ಅವನ ಸದ್ದೇ ಇಲ್ಲ.

ಮೊದಲ ಸಂಜೆಯ ಆಟವೇ ರಾಣಿಯದು. ಎರಡನೆಯ ಅಂಕದಲ್ಲಿ ಮಂತ್ರಿಗಳೆಲ್ಲ ಬಂದು ಕಿರೀಟ ಬಿಟ್ಟುಕೊಡು ಎಂದು ಹೇಳಿ ಹೋಗುತ್ತಾರೆ. ರಾಣಿ ಒಬ್ಬಳೇ ತನ್ನ ಕೋಣೆಯಲ್ಲಿ ನಿಲುಗನ್ನಡಿಯ ಎದುರು ಕೂತು, ಕೊಡುವುದಿಲ್ಲ ಎಂದು ಹಾಡುತ್ತಾಳೆ. ಜನ ಕಾಸು ಕೊಟ್ಟು ಬರುವುದೇ ಆ ಹಾಡಿಗೆ. ಪಿಟೀಲುಗಳು ಇದ್ದೂ ಇಲ್ಲದ ಹಾಗೆ ಮೆಲ್ಲಗೆ ಶುರುವಾದವು. ರಾಣಿ ಹಾಡಬೇಕಾದ ಕ್ಷಣ ಬಂತು, ಹೋಯಿತು. ಪರದೆಯ ಹಿಂದಿನಿಂದ ಸೊಸೆ ಮೊದಲ ಪದ ಎತ್ತಿಕೊಟ್ಟಳು. ರಾಣಿ ಕಲ್ಲಿನ ಗೊಂಬೆ. ಮೇಳ ನಡೆಸುವ ಮೇಷ್ಟ್ರು ಪಿಟೀಲುಗಳನ್ನು ಹಿಂದಕ್ಕೆ ಕರೆದು ಮತ್ತೆ ಅದೇ ಜಾಗದಿಂದ ನುಡಿಸಿದರು. ಸೊಸೆ ಮತ್ತೆ ಹೇಳಿದಳು, ಇನ್ನೊಮ್ಮೆ ಜೋರಾಗಿ ಹೇಳಿದಳು. ಆ ಸಲ ಪ್ರೇಕ್ಷಕರಿಗೇ ಕೇಳಿಸಿ ಯಾರೋ ಕಿಸಕ್ಕೆಂದರು. ಕೇಳದಿದ್ದದ್ದು ಅತ್ತೆಗೆ ಮಾತ್ರ. ಕೊನೆಗೆ ನಗಾರಿಯ ಸರದಿ ಬಂದು ನೆಲ ಗುಡುಗಿದಾಗ, ಯಾರೋ ತಟ್ಟಿ ಎಬ್ಬಿಸಿದ ಹಾಗೆ ಬೆಚ್ಚಿ, ಹಾಡನ್ನು ಅರ್ಧದಿಂದ ಹಿಡಿದರು.

ಆಟ ಮುಗಿದದ್ದೇ ತಡ, ಕಂಪನಿ ಯಜಮಾನರು ಬಣ್ಣದ ಕೋಣೆಗೆ ಬಂದರು. ಒಳ್ಳೆಯ ಮನುಷ್ಯ; ಕೆಟ್ಟ ಸುದ್ದಿ ಹೇಳುವಾಗ ಗೋಡೆ ನೋಡುತ್ತಿದ್ದರು.

“ಅಮ್ಮಾ, ವಯಸ್ಸು ಯಾರನ್ನ ಬಿಡುತ್ತೆ ಹೇಳಿ. ನೆನಪು ಕೈಕೊಡೋದು ತಪ್ಪಲ್ಲ.”

“ನನ್ನ ನೆನಪಿಗೇನಾಗಿದೆ?”

“ನಾಳೆ ನಿಮಗೆ ಪಾತ್ರ ಇಲ್ಲ, ವಿಶ್ರಾಂತಿ ತಗೊಳ್ಳಿ. ನಾಡಿದ್ದು ಮಧ್ಯಾಹ್ನ ಈ ಊರಲ್ಲಿ ರಾಣಿ ಕೊನೇ ಆಟ. ಅದೂ ಹೀಗೇ ಆದ್ರೆ, ಮುಂದಿನ ಊರಿಂದ ರಾಣಿ ಪಾತ್ರ ಕಿರಿಯ ಗಾಯಕಿಗೆ. ಆ ಹುಡುಗಿ ಪೂರ್ತಿ ಕಲಿತಿದಾಳೆ.”

ಅತ್ತೆ ಮುಖದ ಬಣ್ಣ ಒರೆಸುವುದನ್ನು ನಿಲ್ಲಿಸಲಿಲ್ಲ. ಆದರೆ ಒರೆಸಿದ ಕೆನ್ನೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಸೊಸೆ ಅದನ್ನು ಗಮನಿಸಿದಳು.

ನೆನಪು ಹೋಗಿದೆ ಎಂದರೆ ಅವಳಿಗೆ ನಂಬಿಕೆ ಬರಲಿಲ್ಲ. ಯಾವ ಊರಿನ ಕೋಣೆಯಲ್ಲಿ ಯಾವ ಡಬ್ಬಿಯ ಮುಚ್ಚಳ ಬಿಟ್ಟುಬಂದದ್ದು, ಅದು ಯಾರ ಅಜಾಗರೂಕತೆಯಿಂದ ಎನ್ನುವುದನ್ನು ಅತ್ತೆ ಇವತ್ತಿಗೂ ತಡವರಿಸದೆ ಹೇಳುತ್ತಿದ್ದರು. ಹಾಗಾದರೆ ಏನು? ಗೂಡಿದ್ದ ಊರಲ್ಲೆಲ್ಲ ಸರಿಯಿದ್ದದ್ದು ಇಲ್ಲಿ ಹೇಗೆ ಕೆಟ್ಟಿತು?

ಮರುದಿನ ಬೆಳಿಗ್ಗೆ ಇಬ್ಬರೂ ಬಿಡಾರದ ಅಡುಗೆಮನೆಯಲ್ಲಿದ್ದರು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ತರಕಾರಿ ಹೆಚ್ಚುತ್ತಿದ್ದರು. ಸೊಸೆ ಒಲೆಯ ಹತ್ತಿರದಿಂದ ಮೆಲ್ಲಗೆ, “ಅತ್ತೆ, ಉಪ್ಪಿನ ಡಬ್ಬಿ ಕೊಡ್ತೀರಾ,” ಎಂದಳು. ಚಾಕು ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಏರಿಸಿ ಹೇಳಿದಳು. ಇಲ್ಲ. ಎದುರಿಗೆ ಹೋಗಿ ನಿಂತು, ಸದ್ದೇ ಹೊರಡಿಸದೆ ಬರೀ ತುಟಿ ಆಡಿಸಿದಳು.

ಅತ್ತೆ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು. ತಳ್ಳಿದ ಮೇಲೆ ಸೊಸೆಯ ಮುಖ ಕಂಡು, ಕೈ ಅಲ್ಲೇ ನಿಂತಿತು.

“ಎಷ್ಟು ದಿನದಿಂದ ಅತ್ತೆ?”

“ಏನು ಎಷ್ಟು ದಿನದಿಂದ?”

“ಕಿವಿ.”

“ನನ್ನ ಕಿವಿಗೇನೇ ಆಗಿದೆ?” ಎಂದು ಎದ್ದವರು ಮತ್ತೆ ಕೂತರು. ಸೊಸೆ ಬೆಂಕಿ ಆರಿಸಿ ಎದುರಿಗೆ ಮಣೆ ಎಳೆದುಕೊಂಡಳು. ಆಮೇಲೆ ಅತ್ತೆ ಹೇಳಿದರು. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಜೋರಾದದ್ದು ಕೇಳುತ್ತದೆ, ಮೆಲ್ಲನೆಯದು ಇಲ್ಲ. ಹಾಡು ಶುರುವಾದರೆ ಚಿಂತೆಯಿಲ್ಲ, ತನ್ನ ಸ್ವರ ತನ್ನ ಎಲುಬಿನಲ್ಲೇ ಕೇಳುತ್ತದೆ, ನಗಾರಿ ಅಂಗಾಲಿಗೆ ಕೇಳುತ್ತದೆ. ಆ ಪಿಟೀಲುಗಳೇ ಶತ್ರು, ಹಾಡು ಯಾವಾಗ ಎತ್ತಿಕೊಳ್ಳಬೇಕೆಂದು ತಿಳಿಯುವುದಿಲ್ಲ. ಮೇಷ್ಟ್ರ ಕೈ ನೋಡೋಣವೆಂದರೆ ದೂರದ ಕಣ್ಣು ಮಂಜು. ಗೂಡು ಮಾತ್ರ ಹತ್ತಿರ.

“ಅಲ್ಲಿ ನಿನ್ನ ಬಾಯಿ ಕಾಣ್ತಿತ್ತು. ಇಲ್ಲಿ ಪರದೆ ಹಿಂದೆ ನಿಂತೆ.”

“ಇಷ್ಟು ದಿನ ನನ್ನ ಬಾಯಿ ನೋಡಿಕೊಂಡು ಹಾಡಿದ್ರಾ?”

“ಹಾಡೋದೇನು, ಸಂಸಾರನೇ ಮಾಡಿದೀನಿ.” ಅತ್ತೆ ಚಾಕು ಕೆಳಗಿಟ್ಟರು. “ನನ್ನ ಬೆನ್ನಿಗೆ ಹೇಳಿದ್ದು ಮಾತ್ರ ಬಚಾವ್. ಎದುರಿಗೆ ನಿಂತು ತುಟಿ ಒಳಗೇ ಗೊಣಗ್ತೀಯಲ್ಲ, ಅದೆಲ್ಲ ಗೊತ್ತು ನಂಗೆ. ಮೊನ್ನೆ ಬಸ್ಸಲ್ಲಿ ಏನಂದೆ? ಈ ಮುದುಕಿಗೆ ಕಿಟಕಿ ಪಕ್ಕಾನೇ ಬೇಕು ಅಂತ.”

ಸೊಸೆಯ ಕಿವಿ ಬಿಸಿಯಾಯಿತು. ಮದುವೆಯಾದಾಗಿನಿಂದ ಗೊಣಗಿದ್ದನ್ನೆಲ್ಲ ಲೆಕ್ಕ ಹಾಕಲು ಹೋಗಿ, ಅದು ಮುಗಿಯುವ ಬಾಬತ್ತಲ್ಲವೆಂದು ಬಿಟ್ಟಳು.

“ಮತ್ತೆ ಯಾಕೆ ಸುಮ್ಮನಿದ್ರಿ?”

“ಕೇಳಿಸ್ತು ಅಂದ್ರೆ, ಹೇಗೆ ಕೇಳಿಸ್ತು ಅಂತ ಹೇಳಬೇಕಲ್ಲ.” ಅತ್ತೆ ಕಿಟಕಿಯ ಕಡೆ ತಿರುಗಿದರು. “ಆ ಹುಡುಗಿಗೆ ಗಂಟಲಿದೆ. ಪಾತ್ರ ಕೊಡ್ತಾರೆ, ಕೊಡಲಿ. ಆದ್ರೆ ಮರೆವು ಬಂದು ಬಿಟ್ಟಳು ಅನ್ನಿಸ್ಕೊಂಡು ಹೋಗಲ್ಲ. ಒಂದು ಪದ ಮರೆತಿಲ್ಲ ನಾನು.”

ಸೊಸೆ ಅವರ ಗಲ್ಲ ಮುಟ್ಟಿ ತನ್ನ ಕಡೆ ತಿರುಗಿಸಿಕೊಂಡಳು. ಹಿಂದೆಂದೂ ಹಾಗೆ ಮುಟ್ಟಿದವಳಲ್ಲ. “ಬಿಡೋದು ಬೇಡ. ನಾನು ನಿಮ್ಮ ಎದುರಿಗೇ ಇರ್ತೀನಿ.”

ಎಲ್ಲಿ ಇರುವುದು ಎನ್ನುವುದು ಅವಳಿಗೆ ಹೊಳೆದದ್ದು ಸಾಮಾನು ಕೋಣೆಯಲ್ಲಿ. ರಾಣಿಯ ನಿಲುಗನ್ನಡಿಗೆ ಗಾಜಿರಲಿಲ್ಲ. ದೀಪ ಹೊಳೆದು ಜನರ ಕಣ್ಣು ಕುಕ್ಕುತ್ತದೆಂದು ಬರೀ ಚೌಕಟ್ಟು. ಆ ಚೌಕಟ್ಟನ್ನು ಒಬ್ಬ ದಾಸಿ ರಾಣಿಯ ಮುಂದೆ ಹಿಡಿದು ನಿಂತರೆ? ರಾಣಿ ಜನರ ಕಡೆ ಮುಖ ಮಾಡಿರುತ್ತಾಳೆ, ದಾಸಿ ಜನರಿಗೆ ಬೆನ್ನು ಹಾಕಿರುತ್ತಾಳೆ. ಚೌಕಟ್ಟಿನ ಒಳಗಿಂದ ದಾಸಿಯ ಬಾಯಿ ರಾಣಿಯೊಬ್ಬಳಿಗೇ ಕಾಣುತ್ತದೆ. ಯೋಚನೆ ಚೆನ್ನಾಗಿಯೇ ಇತ್ತು. ಆ ದಾಸಿ ತಾನೇ ಆಗಬೇಕು ಎನ್ನುವುದು ಹೊಳೆದಾಗ ಮಾತ್ರ ಎತ್ತಿ ಹಿಡಿದಿದ್ದನ್ನು ಅಲ್ಲೇ ಇಟ್ಟು ಹೊರಟುಬಿಡಬೇಕೆನಿಸಿತು. ಆದರೂ ಚೌಕಟ್ಟನ್ನು ಕೆಳಗಿಡಲಿಲ್ಲ.

“ನೀನಾ?” ಎಂದರು ಯಜಮಾನರು. “ಕಂಪನಿ ಫೋಟೋ ತೆಗೆಯೋವಾಗ ಕಂಬದ ಹಿಂದೆ ಹೋಗೋಳು ನೀನು.”

“ಬೆನ್ನು ತಾನೇ ಕಾಣೋದು.”

“ದಾಸಿ ಯಾಕೀಗ ಇದ್ದಕ್ಕಿದ್ದ ಹಾಗೆ?”

“ರಾಣಿ ಅಂದ ಮೇಲೆ ಕನ್ನಡಿ ಹಿಡಿಯೋಕೆ ಒಬ್ಬಳಾದ್ರೂ ಬೇಡ್ವಾ? ಕಿರೀಟ ಹೋಗ್ತಿದೆ, ಆಳು ಇನ್ನೂ ಬಿಟ್ಟುಹೋಗಿಲ್ಲ. ಚೆನ್ನಾಗಿ ಕಾಣುತ್ತೆ.” ಕಿವಿಯ ವಿಷಯ ಅವಳು ಹೇಳಲಿಲ್ಲ. ಅದನ್ನು ಹೇಳುವುದು ಅತ್ತೆಯ ಹಕ್ಕು ಎಂದುಕೊಂಡಳು. ಆ ದೃಶ್ಯದಲ್ಲಿ ರಾಣಿ ಒಬ್ಬಳೇ ಹಾಡುವುದರಿಂದ ಪರದೆಯ ಹಿಂದಿನಿಂದ ಬೇರೆ ಯಾರಿಗೂ ಪದ ಎತ್ತಿಕೊಡಬೇಕಾಗಿಯೂ ಇರಲಿಲ್ಲ. ಯಜಮಾನರು ಗೋಡೆ ನೋಡಿ ಒಪ್ಪಿದರು.

ಅಭ್ಯಾಸದಲ್ಲಿ ಸೊಸೆ ಕಿವುಡರಿಗೆ ಪಾಠ ಹೇಳುವಂತೆ ಬಾಯನ್ನು ದೊಡ್ಡದಾಗಿ ತೆರೆದಳು. ಅತ್ತೆ ಹಾಡು ನಿಲ್ಲಿಸಿದರು. “ಹಾಗೆಲ್ಲ ಬಾಯಿ ಕಳೀಬೇಡ ಕಣೇ, ಒಂದೂ ತಿಳಿಯಲ್ಲ. ಮನೇಲಿ ನನ್ನ ಬೈತೀಯಲ್ಲ, ಹಾಗೆ ಹೇಳು.”

ಕೆಳಗೆ ನಗಾರಿಯ ಹಿಂದೆ ಗಂಡ ತಲೆ ತಗ್ಗಿಸಿ ಚರ್ಮದ ಬಿಗಿ ನೋಡುವ ಕೆಲಸದಲ್ಲಿ ಮುಳುಗಿಹೋದ. ಸೊಸೆ ಮನೆಯ ಹಾಗೆ ಹೇಳಿದಳು. ಅತ್ತೆ ಒಂದು ಎಳೆಯೂ ತಪ್ಪದೆ ಹಾಡಿದರು.

ಕೊನೆಯ ಆಟದ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಎರಡನೆಯ ಅಂಕ. ಮಂತ್ರಿಗಳು ಹೋದರು. ಚೌಕಟ್ಟು ಎತ್ತಿಕೊಂಡು ಸೊಸೆ ರಂಗಕ್ಕೆ ಬಂದಳು. ಬೆನ್ನ ಮೇಲೆ ಇಡೀ ಊರಿನ ಕಣ್ಣು ಕೂತ ಹಾಗಿತ್ತು. ರಾಣಿಯ ಎದುರು ನಿಂತು ಚೌಕಟ್ಟು ಹಿಡಿದಳು.

ಆಗ ತಿಳಿಯಿತು. ಅತ್ತೆಯ ಕಣ್ಣು ಅವಳ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಅಭ್ಯಾಸ ಮಾಡಿದ್ದು ಚಾವಣಿಯ ದೀಪದಲ್ಲಿ. ಈಗ ಅದು ಆರಿ, ಬೆಳಕೆಲ್ಲ ರಂಗದ ಅಂಚಿನಿಂದ ಬರುತ್ತಿತ್ತು, ಅವಳ ಬೆನ್ನಿಗೆ. ಅತ್ತೆಯ ಮುಖ ಹಗಲಿನಂತೆ ಹೊಳೆಯುತ್ತಿತ್ತು. ಆ ಮುಖದ ಮೇಲೆ ಬಿದ್ದದ್ದು ಸೊಸೆಯದೇ ನೆರಳು. ಅವಳ ಬಾಯಿ ಕತ್ತಲಲ್ಲಿತ್ತು.

ಪಿಟೀಲುಗಳು ಶುರುವಾದವು. ರಾಣಿಯ ಕೈ ಕುರ್ಚಿಯ ತೋಳನ್ನು ಹಿಡಿಯಿತು.

ಬೆಳಕು ಬೇಕಾದರೆ ಬೆಳಕಿನ ಕಡೆ ತಿರುಗಬೇಕು. ತಿರುಗಿದರೆ ಬೆನ್ನು ಹೋಗಿ ಮುಖ ಬರುತ್ತದೆ, ಊರಿಗೆಲ್ಲ. ಗೂಡಿನ ಮುಸುಕು ಒಂದು ಕ್ಷಣ ನೆನಪಿಗೆ ಬಂತು, ತಣ್ಣಗೆ, ಕತ್ತಲಾಗಿ, ಕ್ಷೇಮವಾಗಿ. ಆಗಲಿ, ನೋಡಲಿ, ಎಂದುಕೊಂಡಳು. ಚೌಕಟ್ಟನ್ನು ಕುರ್ಚಿಗೆ ಒರಗಿಸಿ, ರಾಣಿಯ ಎಡಪಕ್ಕಕ್ಕೆ ಹೋಗಿ ಮಂಡಿಯೂರಿದಳು. ಮುಖ ಎತ್ತಿದಳು. ಬೆಳಕು ಕೆನ್ನೆಗೆ, ಮೂಗಿಗೆ, ತುಟಿಗೆ ಬಿಸಿಯಾಗಿ ತಾಕಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಕುತ್ತಿಗೆ ಚಾಚಿ ತನ್ನನ್ನೇ ನೋಡುತ್ತಿರುವುದು ಕಣ್ಣಂಚಿಗೆ ಕಂಡಿತು. ನೋಡಲಿ. ಪಿಟೀಲುಗಳು ತಿರುವಿಗೆ ಬಂದವು. ಸೊಸೆ ಉಸಿರು ಎಳೆದುಕೊಂಡಳು. ಅವಳ ಜೊತೆಗೇ ರಾಣಿಯ ಎದೆಯೂ ತುಂಬಿತು. ಮೊದಲ ಪದವನ್ನು, ಬಸ್ಸಿನಲ್ಲಿ ಗೊಣಗಿದಷ್ಟೇ ಸಲೀಸಾಗಿ, ತುಟಿಯಲ್ಲಿ ಹೇಳಿದಳು.

ರಾಣಿ ಹಾಡಿದಳು.

ಕಿರೀಟ ಕೊಡುವುದಿಲ್ಲ ಎಂದು ಹಾಡಿದಳು. ಸಾಲು ಸಾಲಿಗೂ ಸೊಸೆ ಮುಂದೆ ಒಂದು ಉಸಿರು, ಅತ್ತೆ ಹಿಂದೆ ಒಂದು ಉಸಿರು. ನಗಾರಿ ಬಂದಾಗ ಇಬ್ಬರ ಕಾಲ ಕೆಳಗೂ ನೆಲ ಒಟ್ಟಿಗೆ ಗುಡುಗಿತು. ಹಾಡು ಮುಗಿದ ಮೇಲೆ ಚಪ್ಪಾಳೆ ಎಷ್ಟಿತ್ತೆಂದರೆ ಅತ್ತೆಗೂ ಕೇಳಿಸಿತು.

ಬಣ್ಣದ ಕೋಣೆಗೆ ಯಜಮಾನರು ಈ ಸಲ ಗೋಡೆ ನೋಡದೆ ಬಂದರು. “ನೋಡಿದ್ರಾ ಅಮ್ಮಾ, ಒಂದಿನ ವಿಶ್ರಾಂತಿ ಸಿಕ್ಕಿದ್ದಕ್ಕೆ ನೆನಪು ಹೇಗೆ ಮರಳಿತು. ಮುಂದಿನ ಊರಲ್ಲೂ ರಾಣಿ ನಿಮ್ದೇ.” ಸೊಸೆಯ ಕಡೆ ತಿರುಗಿದರು. “ನೀನು ಮಂಡಿಯೂರಿ ರಾಣಿಗೆ ಏನೋ ಧೈರ್ಯ ಹೇಳಿದ ಹಾಗಿತ್ತು. ಯಾರು ಹೇಳಿಕೊಟ್ಟಿದ್ದು?”

ಸೊಸೆ ಅತ್ತೆಯನ್ನು ನೋಡಿದಳು. ಇಷ್ಟಕ್ಕೆ ಸುಮ್ಮನಾದರೂ ಆಗುತ್ತಿತ್ತು. ಪಾತ್ರ ಉಳಿದಿತ್ತು, ಮರೆವಿನ ಮಾತೂ ಹೋಗಿತ್ತು.

ಅತ್ತೆ ಬಣ್ಣ ಒರೆಸುತ್ತಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟರು. “ನೆನಪು ಹೋಗಿದ್ರೆ ತಾನೇ ಮರಳೋದು. ನಂಗೆ ಕಿವಿ ಕೇಳಲ್ಲ, ಯಜಮಾನ್ರೇ. ಇವಳ ಬಾಯಿ ನೋಡಿ ಹಾಡ್ತೀನಿ. ಬೇಕಾದ್ರೆ ಇಬ್ಬರನ್ನೂ ಇಟ್ಕೊಳ್ಳಿ, ಬೇಡ ಅಂದ್ರೆ ಇಬ್ಬರನ್ನೂ ಬಿಡಿ. ಬೇಡ ಅನ್ನೋದಾದ್ರೆ ಕಿವಿ ಹೋಯ್ತು ಅಂತ ಹೇಳಿ, ಮರೆವು ಅನ್ನಬೇಡಿ.”

ಯಜಮಾನರು ಗೋಡೆ ನೋಡಿದರು. ಆಮೇಲೆ ಗೋಡೆಗೆ ಒರಗಿಸಿದ್ದ ಚೌಕಟ್ಟನ್ನು ನೋಡಿದರು. “ಮುಂದಿನ ಊರಲ್ಲಿ ಗೂಡಿದೆಯಂತೆ,” ಎಂದರು ಕೊನೆಗೆ. “ಇವಳು ಅಲ್ಲೇ ಕೂತ್ಕೋಬಹುದು.”

“ಬೇರೆ ದೃಶ್ಯಕ್ಕೆಲ್ಲ ಕೂತ್ಕೋತೀನಿ,” ಎಂದಳು ಸೊಸೆ. “ಆ ಹಾಡಿಗೆ ನಾನು ರಂಗದ ಮೇಲೇ ಇರ್ತೀನಿ. ಕನ್ನಡಿ ಮಾತ್ರ ಬೇಡ, ಭಾರ.”

ಯಜಮಾನರು ಹೋದ ಮೇಲೆ ಅವಳು ಟ್ರಂಕಿಗೆ ಬಟ್ಟೆ ತುಂಬಲು ಕೂತಳು. ಅತ್ತೆ ಮೇಲಿಂದ ಮೇಲೆ, ಹಾಗಲ್ಲ ಮಡಚೋದು, ಜರಿ ಒಳಗೆ ಬರಲಿ, ಎನ್ನುತ್ತಿದ್ದರು. ಸೊಸೆಯ ತುಟಿ ತಾನಾಗಿ ಅಲ್ಲಾಡಿತು.

“ಕೇಳಿಸ್ತು,” ಎಂದರು ಅತ್ತೆ.