ಬೀರುವಿಗೆ ಕೊಡದ ಕಿಟಕಿ

ಆ ಮನೆಯಲ್ಲಿ ಅಳತೆ ಎಂದರೆ ಅವಳೇ. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಮಿಷನ್ನು ಹಾಕಿಕೊಂಡು ಊರವರ ಬಟ್ಟೆ ಹೊಲಿಯುವವಳ ಕೊರಳಲ್ಲಿ ಟೇಪು ಸದಾ ನೇತಾಡುತ್ತಿತ್ತು. ಹಾಗಾಗಿ ಅತ್ತೆಯ ಕೋಣೆಗೆ ಬೀರು ಮಾಡಿಸುವಾಗ ಬಡಗಿಗೆ ಅಳತೆ ಕೊಟ್ಟವಳೂ ಅವಳೇ. ಬಾಗಿಲ ಪಕ್ಕದ ಮೂಲೆಯನ್ನು ಸರಿಯಾಗಿಯೇ ಅಳೆದಳು. ಚೀಟಿಯಲ್ಲಿ ಬರೆಯುವಾಗ ಮಾತ್ರ ಕೈ ತನ್ನ ಪಾಡಿಗೆ ತಾನು, ಹೊಲಿಗೆಗೆಂದು ಎರಡೂ ಕಡೆ ಒಂದೊಂದು ಬೆರಳು ಸೇರಿಸಿಬಿಟ್ಟಿತು. ಬಟ್ಟೆಯಾದರೆ ಆ ಬೆರಳು ಒಳಗೆ ಮಡಚಿಕೊಳ್ಳುತ್ತದೆ. ಮರ ಮಡಚಿಕೊಳ್ಳುತ್ತದೆಯೇ?

ಭಾನುವಾರ ಬೀರು ಬಂತು. ತಳ್ಳಿದರು, ಓರೆ ಮಾಡಿದರು, ಬಡಗಿ ಉಸಿರು ಬಿಗಿಹಿಡಿದು ಭುಜ ಕೊಟ್ಟ. ಬೀರು ಜಪ್ಪಯ್ಯ ಎಂದರೂ ಮೂಲೆಗೆ ಹೋಗಲಿಲ್ಲ.

"ಟೈಲರಮ್ಮ ಮರಕ್ಕೂ ಹೊಲಿಗೆ ಬಿಟ್ಟಿದ್ದಾರೆ ನೋಡು!" ಎಂದು ಗಂಡ ನಕ್ಕ. ಬಡಗಿಯೂ ನಕ್ಕ. ತಪ್ಪು ತನ್ನದೇ ಆದ್ದರಿಂದ ಅವಳೂ ನಕ್ಕಳು. ಗಂಡನ ಮುಂದಿನ ಮಾತಿಗೆ ನಗು ನಿಂತಿತು.

"ಅದಕ್ಕೇನಂತೆ, ಕಿಟಕಿಗೆ ಅಡ್ಡ ಇಟ್ರಾಯ್ತು. ಅಲ್ಲಿ ಜಾಗ ಧಾರಾಳ ಇದೆ."

ಮನೆಯಲ್ಲಿ ಮೂಡಣಕ್ಕಿದ್ದ ಕಿಟಕಿ ಅದೊಂದೇ. ಏಳು ತಿಂಗಳಿಂದ, ಗಂಡ ಬೆಳಗಿನ ಮೊದಲ ಬಸ್ಸು ಓಡಿಸಲು ಹೊರಟ ಮೇಲೆ, ಅವಳು ಬೆಕ್ಕಿನ ಹೆಜ್ಜೆಯಲ್ಲಿ ಅತ್ತೆಯ ಕೋಣೆಗೆ ಬಂದು, ಫೋನನ್ನು ಕಿಟಕಿಯ ಚೌಕಟ್ಟಿನ ಒಂದೇ ಜಾಗಕ್ಕೆ ಒತ್ತಿಹಿಡಿದು ಆಕಾಶದ ಒಂದು ಫೋಟೋ ತೆಗೆಯುತ್ತಿದ್ದಳು. ಮೊದಲ ದಿನ ಸೂರ್ಯ ಎದುರಿನ ಮಾಳಿಗೆಯ ನೀರಿನ ತೊಟ್ಟಿಯ ಹಿಂದಿನಿಂದ ಎದ್ದಿದ್ದ. ದಿನಕ್ಕಿಷ್ಟಿಷ್ಟೇ ಜರುಗುತ್ತ, ಮೂರು ಮನೆ ದಾಟಿ, ಬೇಕರಿಯ ಹೊಗೆಕೊಳವೆಯವರೆಗೆ ಹೋದ. ಈಗೊಂದು ತಿಂಗಳಿಂದ ಬಂದ ದಾರಿಯಲ್ಲೇ ವಾಪಸು ಹೊರಟಿದ್ದ. ಅವನು ತೊಟ್ಟಿಗೆ ಮರಳುವವರೆಗೂ, ಇಡೀ ವರ್ಷ, ಒಂದು ಬೆಳಗೂ ಬಿಡದೆ ಹಿಡಿಯಬೇಕೆಂದು ಅವಳು ಪಣ ತೊಟ್ಟಿದ್ದಳು. ಹೊಲಿದದ್ದೆಲ್ಲ ಯಾರದೋ ಮೈಮೇಲೆ ಹೊರಟುಹೋಗುತ್ತಿತ್ತು. ಇದೊಂದು ಅವಳ ಹತ್ತಿರವೇ ಉಳಿಯುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

"ಕಿಟಕಿಗೆ ಅಡ್ಡ ಇಡೋದು ಬೇಡ," ಎಂದಳು.

"ಯಾಕೆ, ಅಲ್ಲೇನು ನಿಧಿ ಇದೆಯಾ?"

"ನಂಗೆ ಆಕಾಶ ಕಾಣಬೇಕು."

ಗಂಡ ಬಡಗಿಯ ಮುಖ ನೋಡಿದ. "ಅದಕ್ಕೆ ಕಿಟಕಿ ಬೇಕೇನೇ? ಬೀದಿಗೆ ಹೋಗಿ ತಲೆ ಎತ್ತಿದ್ರೆ ಬೇಕಾದಷ್ಟಿದೆ, ಬಿಟ್ಟಿ!"

"ಕೆಳಗೆ ಬೀದೀಲಿ ನಿಂತ್ರೆ ಎದುರುಮನೆ ಗೋಡೆ ಕಾಣುತ್ತೆ, ಸೂರ್ಯ ಹುಟ್ಟೋದು ಕಾಣಲ್ಲ. ದಿನಾ ಇಲ್ಲಿಂದಾನೇ ಫೋಟೋ ತೆಗೀತೀನಿ. ವರ್ಷ ತುಂಬೋವರೆಗೂ ತೆಗೀತೀನಿ." ಟೇಪಿನ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದು ಬಡಗಿಯತ್ತ ತಿರುಗಿದಳು. "ಅಣ್ಣಾ, ಬಿಚ್ಚಿ. ಎರಡು ಬೆರಳು ಕಮ್ಮಿ ಮಾಡಿ."

"ಅಯ್ಯೋ ಅಕ್ಕಾ, ನಿನ್ನೆ ತಾನೇ ಪಾಲಿಶ್ ಹಾಕಿದೀನಿ! ಬಾಗಿಲು, ಹಲಗೆ ಎಲ್ಲಾ ಕೊಯ್ಯಬೇಕು. ವಾರ ಹಿಡಿಯುತ್ತೆ."

"ಹಿಡೀಲಿ. ತಪ್ಪು ನಂದು, ಕೂಲಿನೂ ನಂದೇ."

"ಹೊಸ ಬೀರು ಕೊಯ್ಸಿದ್ರು ಅಂದ್ರೆ ಜನ ನಗ್ತಾರೆ ಕಣೇ," ಎಂದ ಗಂಡ.

"ಆಗಲೇ ಮೂರು ಜನ ನಕ್ಕಾಯ್ತಲ್ಲ. ಇನ್ನೂ ನಾಲ್ಕು ಜನ ನಗ್ಲಿ."

ಮಂಚದ ಮೇಲೆ ಬಟ್ಟೆಗಂಟು ತಬ್ಬಿಕೊಂಡು ಕೂತಿದ್ದ ಅತ್ತೆ ಆಗ ಬಾಯಿ ಬಿಟ್ಟರು. "ಬಿಚ್ಚಲಿ ಬಿಡೋ. ಇವಳು ದಿನಾ ಬಂದು ನಿಲ್ಲೋದು ನಂಗೆ ಗೊತ್ತಿಲ್ವಾ? ನಿದ್ದೆ ಬಂದಿರೋ ಹಾಗೆ ನಟಿಸಿ ನಟಿಸಿ ನಂಗೂ ಸಾಕಾಗಿದೆ."

ಅವಳ ಮುಖ ಕೆಂಪಾಯಿತು. ಬಡಗಿ ಗೊಣಗುತ್ತಲೇ ಮೊದಲ ತಿರುಪು ಬಿಚ್ಚಿದ.

ಮರುದಿನ ಬೆಳಗ್ಗೆ ನಡುಮನೆಯಲ್ಲಿ ಒರಗಿಸಿಟ್ಟಿದ್ದ ಹಲಗೆಗಳ ಸಂದಿಯಲ್ಲಿ ಅಡ್ಡಡ್ಡವಾಗಿ ನುಸುಳಿ, ಅವಳು ಕೋಣೆಗೆ ಬಂದಳು. ಅತ್ತೆ ಎದ್ದು ಕಿಟಕಿಗೇ ಮುಖ ಕೊಟ್ಟು ಕೂತಿದ್ದರು. ಹೊರಗೆ ಸೂರ್ಯನ ಸುಳಿವೇ ಇಲ್ಲ. ಆಕಾಶ ಒಗೆದು ಹಿಂಡದ ಬಟ್ಟೆಯಂತೆ ಜೋತುಬಿದ್ದಿತ್ತು.

"ಏನೇ ಇದು, ಬರೀ ಮೋಡ! ಇದಕ್ಕಾ ನೆನ್ನೆ ಅಷ್ಟು ಜಗಳ ಆಡಿದ್ದು?"

"ಇದಕ್ಕೇ ಅತ್ತೆ. ಸ್ವಲ್ಪ ಆ ಕಡೆ ಸರೀರಿ, ನಿಮ್ಮ ತಲೆ ಬರುತ್ತೆ," ಎನ್ನುತ್ತ ಅವಳು ಫೋನನ್ನು ಚೌಕಟ್ಟಿಗೆ ಒತ್ತಿದಳು.